ಬಾಗಿಲಿಗೆ ತಕ್ಕ ಕೂದಲು

ಅಕ್ಟೋಬರ್ ೩, ಸೋಮವಾರ

ಮಹಾಜನಗಳೇ! ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನ ಪುಂಡರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತ ಬಡಪಾಯಿಗಳೇ! ಸದ್ದಡಗಲಿ! ಅಳುವ ಕೂಸುಗಳ ಬಾಯಿಗೆ ಪೆಪ್ಪರ್‌ಮಿಂಟು ಬೀಳಲಿ! ಮೆಂಫಿಸ್ ನಗರದ ಡಿಲೋಚ್ ಅಂತ್ಯಸಂಸ್ಕಾರ ಗೃಹದ ಯಜಮಾನ, ಹೋಸಿಯಾ ಡಿಲೋಚ್ ಎಂಬ ನಾನು ಇದೋ ರಂಗಕ್ಕೆ ಬಂದೆ!

ಸಭಿಕರು ಒಬ್ಬರೂ ಇಲ್ಲವೆಂದು ನನಗೆ ಗೊತ್ತು. ರಕ್ತದೊತ್ತಡ ನೋಡುವ ಡಾಕ್ಟರು, “ಕೂಗಬೇಕು ಅನ್ನಿಸಿದಾಗೆಲ್ಲ ಒಂದು ಪುಸ್ತಕದಲ್ಲಿ ಬರೆದುಹಾಕಿ, ಮಿಸ್ಟರ್ ಡಿಲೋಚ್. ಕಾಗದಕ್ಕೆ ಕಿವಿ ನೋಯಲ್ಲ, ನಿಮಗೂ ನೆತ್ತರು ಏರಲ್ಲ” ಎಂದರು. ಆದರೆ ಎದುರಿಗೆ ಜನರಿಲ್ಲದೆ ನನಗೆ ಮಾತು ಹೊರಡುವುದಿಲ್ಲ. ಐದನೆಯ ವಯಸ್ಸಿಗೇ ಚರ್ಚಿನ ಈಸ್ಟರ್ ನಾಟಕದಲ್ಲಿ ಸತ್ತು ಎದ್ದ ಲಾಜರನಾದವನು ನಾನು. ಆಮೇಲೆ ಹೆರೋದನಾದೆ, ಮೋಶೆಯಾದೆ. ಒಮ್ಮೆ ಜ್ವರ ಬಂದು ಮಲಗಿದವನ ಬದಲಿಗೆ ಕೆಂಪು ಸಮುದ್ರದ ದನಿಯೂ ಆದೆ. ಅಪ್ಪ ಕಲಿಸಿದ್ದು ಎರಡೇ ವಿದ್ಯೆ. ಸತ್ತವರನ್ನು ಮರ್ಯಾದೆಯಿಂದ ಕಳಿಸುವುದು, ಬದುಕಿರುವವರಿಗೆ ಕಟ್ಟಕಡೆಯ ಸಾಲಿನವರೆಗೂ ಕೇಳುವಂತೆ ಮಾತಾಡುವುದು. ಆದ್ದರಿಂದ ಸಭಿಕರೇ, ನೀವು ಇದ್ದೀರಿ ಎಂದೇ ಇಟ್ಟುಕೊಳ್ಳೋಣ.

ಸುದ್ದಿ ಕೇಳಿ! ನನ್ನ ತಮ್ಮ ಏಮಸ್‌ನ ಮಗಳು ಜೆರೂಷಾ ಶವಸಂಸ್ಕಾರದ ಕಾಲೇಜು ಮುಗಿಸಿ, ಸರ್ಕಾರದ ಲೈಸೆನ್ಸು ಹಿಡಿದು ಮನೆಗೆ ಬಂದಿದ್ದಾಳೆ. ಏಮಸ್ ತೀರಿಕೊಂಡ ಮೇಲೆ ನಮ್ಮಲ್ಲೇ ಬೆಳೆದ ಹುಡುಗಿ. ನನಗೂ ನನ್ನ ಅರ್ಲೀನ್‌ಗೂ ಮಕ್ಕಳಾಗಲಿಲ್ಲ, ಅರ್ಲೀನ್ ಈಗಿಲ್ಲ, ಉಳಿದವಳು ಇವಳೊಬ್ಬಳೇ. ನನ್ನ ಮಂಡಿಗಳು ಮುಷ್ಕರ ಹೂಡಿವೆ. ಹೊಸ ವರ್ಷಕ್ಕೆ ಬೀಗದ ಕೈಗೊಂಚಲನ್ನು ಇವಳ ಕೈಗಿಟ್ಟು, ನಾಮಫಲಕಕ್ಕೆ ‘ಮತ್ತು ಮಗಳು’ ಎಂದು ಸೇರಿಸಿ, ನಾನು ವರಾಂಡದ ತೂಗುಕುರ್ಚಿ ಹಿಡಿಯುವವನು.

ಅಲ್ಲಿಯವರೆಗೆ ಅವಳು ಬಾಗಿಲಿಗೆ ನಿಲ್ಲಬೇಕು. ನಮ್ಮ ಕಸುಬಿನಲ್ಲಿ ಬಾಗಿಲಿಗೆ ನಿಲ್ಲುವುದೆಂದರೆ ಹುಡುಗಾಟವಲ್ಲ. ಕರಿ ಕೋಟು ತೊಟ್ಟು, ಬಿಳಿ ಕೈಗವಸು ಹಾಕಿ, ಸತ್ತವರ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಒಳಗೆ ಕರೆಯಬೇಕು. ಪೆಟ್ಟಿಗೆ ಹೊರಟಾಗ ಶವದ ಗಾಡಿಯ ಮುಂದೆ ಬೀದಿಯ ತುದಿಯವರೆಗೆ ನಡೆಯಬೇಕು. ಬಾಗಿಲಿಗೆ ನಿಂತವರೇ ಈ ಮನೆಯ ಮುಖ.

ಒಂದೇ ಒಂದು ಚಿಕ್ಕ ವಿಷಯವಿದೆ. ಕಾಲೇಜಿಗೆ ಹೋಗುವಾಗ ನೀಟಾಗಿ ಇಸ್ತ್ರಿಯಾಗಿದ್ದ ಅವಳ ಕೂದಲು ಈಗ ಹುಟ್ಟಿನಲ್ಲಿ ಇದ್ದ ಹಾಗೆಯೇ ತಲೆಯ ಸುತ್ತ ಪೊದೆಯಾಗಿ ನಿಂತಿದೆ. ಸರಿಮಾಡಿದರಾಯಿತು. ನೂಲಿನ ಗಂಟು ಬಿಡಿಸಲು ಕತ್ತಿ ಬೇಕಿಲ್ಲ.

ಅಕ್ಟೋಬರ್ ೮, ಶನಿವಾರ

ಸಭಾಸದರೇ, ಮೊದಲ ಅಂಕಕ್ಕೇ ಅಪಶಕುನ!

ಇಂದು ಮುದುಕ ಬ್ರದರ್ ಟಬ್ಸ್ ಅವರ ಅಂತಿಮ ಬೀಳ್ಕೊಡುಗೆ. ಜೆರೂಷಾ ಬಾಗಿಲಿಗೆ ನಿಂತಳು. ಸತ್ಯ ಹೇಳಬೇಕಲ್ಲ, ಚೆನ್ನಾಗಿಯೇ ನಿಂತಳು. ಟಬ್ಸ್ ಅವರ ಆರು ಹೆಣ್ಣುಮಕ್ಕಳ ಹೆಸರನ್ನೂ ತಪ್ಪದೆ ಕರೆದಳು. ಚಿಕ್ಕ ಮಗಳು ಹೊಸ್ತಿಲಲ್ಲಿ ಕುಸಿದಾಗ ಸದ್ದಿಲ್ಲದೆ ಹಿಡಿದುಕೊಂಡಳು. ನನ್ನ ಎದೆ ಕೋಟಿನ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

ಅಷ್ಟರಲ್ಲಿ ಮದರ್ ಪೆಟಿಗ್ರೂ ಬಂದರು. ಚರ್ಚಿನ ತಾಯಂದಿರ ಸಂಘಕ್ಕೆ ಅಧ್ಯಕ್ಷೆ. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು, ತಲೆಯ ಮೇಲೆ ದೋಣಿಯಷ್ಟು ದೊಡ್ಡ ಬಿಳಿ ಟೋಪಿ. ಆಕೆ ಬೆರಳು ತೋರಿಸಿದ ಕಡೆಗೆ ಈ ಬಡಾವಣೆಯ ಹೆಣಗಳು ಹೋಗುತ್ತವೆ. ನಮ್ಮ ಮನೆಯ ಹೆಸರು ಅಚ್ಚಾದ ಕಾಗದದ ಬೀಸಣಿಗೆಯಿಂದ ನನ್ನ ಎದೆಗೆ ತಿವಿದು ಕೇಳಿದರು.

“ಹೋಸಿಯಾ, ಬಾಗಿಲಲ್ಲಿ ನಿಂತಿರೋದು ಯಾರಪ್ಪ?”

“ನಮ್ಮ ಜೆರೂಷಾ, ಮದರ್. ಏಮಸ್ ಮಗಳು. ಅವಳ ದೀಕ್ಷಾಸ್ನಾನದ ದಿನ ನೀವೇ ಟವಲ್ ಹೊದಿಸಿದ್ರಲ್ಲ.”

“ಟವಲ್ ಹೊದಿಸಿದ್ದು ನೆನಪಿದೆ. ಒರೆಸ್ಕೊಂಡ ಮೇಲೆ ಬಾಚ್ಕೊಳ್ಳೋದು ಮರೆತ್ಳಾ ಅಂತ ಕೇಳ್ದೆ.”

ಹಿಂದೆ ನಿಂತ ತಾಯಂದಿರೆಲ್ಲ ಬೀಸಣಿಗೆಯ ಮರೆಯಲ್ಲಿ ಕಿಸಕ್ಕೆಂದರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಸ್ಮಶಾನದಿಂದ ಮರಳುವಾಗ ಗಾಡಿಯಲ್ಲಿ ವಿಷಯ ತೆಗೆದೆ.

“ಮಗೂ, ನಿನ್ನ ತಲೆ ವಿಚಾರ...”

“ತಲೆ ಚೆನ್ನಾಗಿದೆ ದೊಡ್ಡಪ್ಪ, ನೋವಿಲ್ಲ.”

“ಒಳಗಿನದಲ್ಲ. ಮೇಲಿಂದು.”

“ಓ. ಮದರ್ ಪೆಟಿಗ್ರೂ ಏನಂದ್ರು?”

“ಅವರೇನೂ ಅನ್ಲಿಲ್ಲ!” ಎಂದು ಗಾಡಿಯ ಗಾಜು ನಡುಗುವಂತೆ ಹೇಳಿದೆ.

“ಲೈಸೆನ್ಸ್ ಫೋಟೋಗೂ ಹೀಗೇ ನಿಂತಿದ್ದೆ. ಸರ್ಕಾರ ತಕರಾರು ಮಾಡ್ಲಿಲ್ಲ.”

“ಸರ್ಕಾರ ನಮಗೆ ಹೆಣ ಕಳಿಸಲ್ಲ, ಮಗೂ.”

ಅವಳು ನಕ್ಕುಬಿಟ್ಟಳು. ಗೆದ್ದೆ ಎಂದುಕೊಂಡೆ.

ಅಕ್ಟೋಬರ್ ೧೧, ಮಂಗಳವಾರ

ಗೆದ್ದಿರಲಿಲ್ಲ.

ಇಂದು ಬೆಳಗಿನ ತಿಂಡಿಯ ಹೊತ್ತಿಗೆ ಅವಳನ್ನು ಕೂರಿಸಿಕೊಂಡು ಅಪ್ಪನ ಕಥೆ ಹೇಳಿದೆ. ಸಭಿಕರೇ, ನೀವೂ ಕೇಳಿ. ನಾನು ಹುಡುಗನಾಗಿದ್ದಾಗ ಅಪ್ಪ ಪೇಟೆಯ ಬ್ಯಾಂಕಿಗೆ ಖಾತೆ ತೆರೆಯಲು ಹೊರಟ. ಹಿಂದಿನ ದಿನವೇ ನನಗೂ ತನಗೂ ಕ್ಷೌರ. ಬೆಳಿಗ್ಗೆ ತಲೆಗೆ ಎಣ್ಣೆಮುಲಾಮು ಹಚ್ಚಿ, ನನ್ನ ಕಣ್ಣಲ್ಲಿ ನೀರು ಬರುವವರೆಗೆ ಬ್ರಷ್ ಹಾಕಿದ. “ಬಿಳಿಯರು ನಮ್ಮಂಥ ಕರಿಯರನ್ನ ಮೇಲಿಂದ ಕೆಳಗೆ ಓದ್ತಾರೆ ಕಣೋ. ಮೊದಲ ಸಾಲು ತಲೆ. ಅಲ್ಲೇ ತಪ್ಪು ಸಿಕ್ಕಿದ್ರೆ ಮುಂದಕ್ಕೆ ಓದಲ್ಲ” ಎಂದ. ಕಿಟಕಿಯ ಹಿಂದಿನ ಬಿಳಿಯ ಗುಮಾಸ್ತ ಅಷ್ಟಾದರೂ ಓದಲಿಲ್ಲ. ನಮ್ಮನ್ನು ಮಧ್ಯಾಹ್ನದವರೆಗೆ ನಿಲ್ಲಿಸಿ ಊಟಕ್ಕೆ ಎದ್ದುಹೋದ. ಅಪ್ಪ ಹೊರಗೆ ಬಂದು ಬೈಯಲಿಲ್ಲ. “ಇನ್ನೂ ಸ್ವಲ್ಪ ನೀಟಾಗಿ ಬರಬೇಕಿತ್ತು” ಎಂದ, ಅಷ್ಟೇ.

ಈ ಭಾಗವನ್ನು ನಾನು ಹೇಳಿದರೆ ಕಲ್ಲೂ ಕರಗುತ್ತದೆ. ಜೆರೂಷಾ ಗ್ರಿಟ್ಸ್ ಗಂಜಿಯಲ್ಲಿ ಚಮಚ ಆಡಿಸುತ್ತ ಕೇಳಿದಳು.

“ಪಾಪ ತಾತ” ಎಂದಳು. ಆಮೇಲೆ, “ಆ ಗುಮಾಸ್ತ ಸತ್ತು ಎಷ್ಟು ವರ್ಷ ಆಗಿರಬಹುದು ದೊಡ್ಡಪ್ಪ?”

“ಯಾವ ಕಾಲದಲ್ಲೋ ಸತ್ತಿರ್ತಾನೆ.”

“ಹಾಗಿದ್ರೆ ಈ ಮನೇಲಿ ನನ್ನ ತಲೆಯಿಂದ ಓದ್ತಾ ಇರೋರು ಯಾರು?”

ಆಹಾ, ಒಳ್ಳೆಯ ಸಂಭಾಷಣೆ! ರಂಗದ ಮೇಲಾದರೆ ಚಪ್ಪಾಳೆ ಬೀಳುತ್ತಿತ್ತು. ಆದರೆ ಚಪ್ಪಾಳೆ ತಟ್ಟುವವರು ನಮ್ಮ ಮನೆಗೆ ಹೆಣ ತರುವುದಿಲ್ಲ. ಮಧ್ಯಾಹ್ನ ಹೋಗಿ ಒಂದು ವಿಗ್ ತಂದೆ. ಭುಜದವರೆಗಿನ ನೇರ ಕೂದಲು, ಹೊಳಪು ಎಷ್ಟೆಂದರೆ ಮುಖ ನೋಡಿಕೊಳ್ಳಬಹುದು. “ಬಾಗಿಲಿಗೆ ಮಾತ್ರ, ಮಗೂ. ಕೋಟಿನ ಹಾಗೆ. ಒಳಗೆ ಬಂದ ತಕ್ಷಣ ಕಳಚಿಡು” ಎಂದೆ.

ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ನೋಡಿದಳು. “ಇದಕ್ಕೂ ಲೈಸೆನ್ಸ್ ಇದೆಯಾ?” ಎಂದಳು. ಆದರೆ ತೆಗೆದುಕೊಂಡಳು.

ಅಕ್ಟೋಬರ್ ೧೫, ಶನಿವಾರ

ಜಯಭೇರಿ ಬಾರಿಸಿ! ಪರದೆ ಎಳೆಯಿರಿ! ಹೂಮಳೆ ಸುರಿಯಲಿ!

ಇಂದು ಎರಡು ಬೀಳ್ಕೊಡುಗೆಗಳು, ಎರಡಕ್ಕೂ ಜೆರೂಷಾ ವಿಗ್ ಧರಿಸಿ ನಿಂತಳು. ಮದರ್ ಪೆಟಿಗ್ರೂ ತಾವಾಗಿಯೇ ಬಂದು ಅವಳ ಗಲ್ಲ ಹಿಡಿದು, “ಈಗ ನೋಡು, ಮುಖ ಕಾಣ್ತಿದೆ” ಎಂದರು. ಆಮೇಲೆ ಚರ್ಚಿನ ನೆಲಮಾಳಿಗೆಯ ಊಟದಲ್ಲಿ ನನ್ನ ತಟ್ಟೆಗೆ ತಾವೇ ಕೋಳಿಯ ತೊಡೆ ಬಡಿಸಿದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಈ ಬಡಾವಣೆಯಲ್ಲಿಲ್ಲ.

ಜೆರೂಷಾಳಿಗೂ ಸಂತೋಷವೇ ಆಗಿರಬೇಕು. ಮನೆಯವರ ಹೆಸರು ಕರೆಯುವಾಗ ದನಿ ಸ್ವಲ್ಪ ಕೆಳಗಿತ್ತು, ಎರಡು ಸಲ ನಾನೇ ಹಿಂದಿನಿಂದ ಕೂಗಿ ಹೇಳಬೇಕಾಯಿತು. ಅಭ್ಯಾಸವಾಗುತ್ತದೆ. ಸಂಜೆ ಬಂದವಳು ವಿಗ್ ತೆಗೆದು, ಕಿವಿಯ ಹಿಂದೆ ಕೆಂಪಗೆ ಗೆರೆ ಬಿದ್ದ ಜಾಗಕ್ಕೆ ವ್ಯಾಸಲಿನ್ ಹಚ್ಚಿಕೊಂಡು ಬೇಗ ಮಲಗಿದಳು. ಒಳ್ಳೆಯ ಅಭ್ಯಾಸ. ಅರ್ಲೀನ್ ಕೂಡ ಬೇಗ ಮಲಗುತ್ತಿದ್ದಳು.

ಅಕ್ಟೋಬರ್ ೧೭, ಸೋಮವಾರ

ವಿಶೇಷವೇನೂ ಇಲ್ಲ. ಮೂಲೆಯ ಅಂಗಡಿಯಿಂದ ಅವಳಿಗೆ ಇಷ್ಟವೆಂದು ಸುಟ್ಟ ಹಂದಿಯ ಪಕ್ಕೆ ಮಾಂಸ ತಂದಿದ್ದೆ. ಊಟಕ್ಕೆ ಬರಲಿಲ್ಲ. ಹಸಿವಿಲ್ಲವಂತೆ. ನಾನೊಬ್ಬನೇ ತಿಂದೆ. ಉಪ್ಪು ಜಾಸ್ತಿಯಾಗಿತ್ತು, ಅಥವಾ ಕಡಿಮೆ.

ಅಕ್ಟೋಬರ್ ೨೦, ಗುರುವಾರ

ಸಭಿಕರೇ, ನೀವೇ ನ್ಯಾಯ ಹೇಳಿ.

ಬೆಳಿಗ್ಗೆ ಒಂಬತ್ತಕ್ಕೆ ಬೀಳ್ಕೊಡುಗೆ. ಮನೆಯವರ ಕಾರುಗಳು ಬಂದು ನಿಂತಿವೆ. ಜೆರೂಷಾ ಕೋಟು ತೊಟ್ಟು, ಕೈಗವಸು ಹಾಕಿ, ತಲೆಯನ್ನು ಸಣ್ಣ ಸಣ್ಣ ಹುರಿಗಳಾಗಿ ಹೆಣೆದು ಹಿಂದಕ್ಕೆ ಕಟ್ಟಿಕೊಂಡು ಬಂದಳು. ವಿಗ್ ಇಲ್ಲ.

“ಅದು ಎಲ್ಲಿ?”

“ಡ್ರಾಯರಲ್ಲಿದೆ. ತಲೆ ಸಿಡೀತಿದೆ ದೊಡ್ಡಪ್ಪ. ನೋಡಿ, ನೀಟಾಗಿ ಕಟ್ಟಿದೀನಿ. ಒಂದು ಎಳೆ ಹಾರ್ತಾ ಇಲ್ಲ.”

ನಿಜಕ್ಕೂ ಒಂದು ಎಳೆಯೂ ಹಾರುತ್ತಿರಲಿಲ್ಲ. ಆದರೆ ಗಾಜಿನಾಚೆ ಬಿಳಿ ಟೋಪಿಗಳ ಸಾಲು ಮೆಟ್ಟಿಲು ಹತ್ತುತ್ತಿತ್ತು.

“ಹಾಗಿದ್ರೆ ಇವತ್ತಿಂದ ನೀನು ಹಿಂದಿನ ಕೋಣೇಲಿರು. ಬಾಗಿಲಿಗೆ ನಾನು ನಿಲ್ತೀನಿ.”

ಹಿಂದಿನ ಕೋಣೆಯೆಂದರೆ ಶವಗಳನ್ನು ತೊಳೆದು ಸಿದ್ಧಮಾಡುವ ಕೋಣೆ. ಅವಳು ಕಲಿತದ್ದೇ ಆ ಕೆಲಸ. ಅವಮಾನವೇನಲ್ಲ.

“ಅಂದ್ರೆ ಸತ್ತವರಿಗೆ ನನ್ನ ಕೂದಲು ಅಡ್ಡಿಯಿಲ್ಲ” ಎಂದಳು.

“ಅವರು ದೂರು ಹೇಳಲ್ಲ ನೋಡು!” ಎಂದೆ, ನಗಲಿ ಎಂದು.

ನಗಲಿಲ್ಲ. ಕೈಗವಸುಗಳನ್ನು ಬೆರಳು ಬೆರಳಾಗಿ ಕಳಚಿ, ಮಡಿಸಿ, ಮೇಜಿನ ಮೇಲಿಟ್ಟು ಒಳಗೆ ಹೋದಳು. ನನ್ನ ಮಂಡಿ ಇಡೀ ದಿನ ಉರಿಯಿತು. ಹೀಗೆ ನಿಂತರೆ ಹೊಸ ವರ್ಷದವರೆಗೆ ತಾಳುತ್ತೇನೋ ಇಲ್ಲವೋ. ಅಷ್ಟರಲ್ಲಿ ಅವಳಿಗೂ ಬುದ್ಧಿ ಬರುತ್ತದೆ. ಚಿಕ್ಕಂದಿನಲ್ಲೂ ಹೀಗೆಯೇ, ಮುನಿಸು ಮೂರು ದಿನ.

ಅಕ್ಟೋಬರ್ ೨೫, ಮಂಗಳವಾರ

ಮಹಾಜನಗಳೇ, ಇಂದು ಎದ್ದು ನಿಲ್ಲಿ. ಮಿಸ್ ಕ್ಯಾಲಿಸ್ಟಾ ರೆನ್‌ಫ್ರೋ ಕೊನೆಯ ಪಯಣಕ್ಕೆ ನಮ್ಮ ಮನೆಗೆ ಬಂದಿದ್ದಾರೆ.

ಅಪ್ಪನನ್ನು ಮಧ್ಯಾಹ್ನದವರೆಗೆ ನಿಲ್ಲಿಸಿದ ಆ ಬ್ಯಾಂಕಿನಲ್ಲಿ, ಆ ಕಿಟಕಿಯ ಹಿಂದೆ ಕುಳಿತ ಮೊದಲ ಕರಿಯ ಹೆಂಗಸು. ಆಕೆಗೆ ಕೆಲಸ ಸಿಕ್ಕ ವಾರ ಅಪ್ಪ ಹೊಸ ಅಂಗಿ ತೊಟ್ಟು, ಯಾವ ಕೆಲಸವೂ ಇಲ್ಲದೆ ಹೋಗಿ ಸಾಲಿನಲ್ಲಿ ನಿಂತ. ಆಕೆ “ಗುಡ್ ಮಾರ್ನಿಂಗ್, ಮಿಸ್ಟರ್ ಡಿಲೋಚ್ ಸರ್” ಎಂದರಂತೆ. ಮನೆಗೆ ಬಂದು ಅತ್ತ. ನಾನೂ ಎಷ್ಟೋ ವರ್ಷ ಆಕೆಯನ್ನು ಗಾಜಿನಾಚೆ ಕಂಡಿದ್ದೇನೆ. ಕತ್ತಿನವರೆಗಿನ ಕೂದಲು, ಗ್ರಾಮಫೋನ್ ತಟ್ಟೆಯ ಹಾಗೆ ಕಪ್ಪಗೆ, ನುಣ್ಣಗೆ, ಬೆಳಕು ಜಾರುವಂಥದ್ದು. ನಿವೃತ್ತಿಯ ನಂತರ ನದಿಯಾಚೆಯ ಚರ್ಚಿಗೆ ಹೋಗುತ್ತಿದ್ದರಂತೆ, ಮತ್ತೆ ನೋಡಿರಲಿಲ್ಲ.

ಮಗಳು ಡೋರಿಂಡಾ ಶಿಕಾಗೋದಿಂದ ಬಂದು ಒಳ್ಳೆಯ ನೀಲಿ ಉಡುಪು ಕೊಟ್ಟರು. “ಅಮ್ಮ ಅಮ್ಮನ ಹಾಗೇ ಕಾಣಲಿ, ಮಿಸ್ಟರ್ ಡಿಲೋಚ್. ಅಷ್ಟು ಸಾಕು” ಎಂದರು.

ಹೊದಿಕೆ ಸರಿಸಿದಾಗ ನನ್ನ ಜೀವ ಹಾರಿತು. ತಲೆಯ ತುಂಬ ನೊರೆಯ ಹಾಗೆ ಗಿಡ್ಡ ಬಿಳಿ ಗುಂಗುರು! ಕಾಯಿಲೆ ಬಿದ್ದಾಗ ಯಾರೂ ನೋಡಿಕೊಂಡಿಲ್ಲವೆಂದು ಸಂಕಟವಾಯಿತು.

“ಓಪಲ್‌ಗೆ ಹೇಳಿ ಕಳಿಸ್ತೀನಿ” ಎಂದೆ. ಸತ್ತವರ ತಲೆ ಬಾಚಲು ನಾವು ಕರೆಸುವ ಬ್ಯೂಟಿಷಿಯನ್, ಸಿಸ್ಟರ್ ಓಪಲ್.

ಜೆರೂಷಾ ಆ ತಲೆಯನ್ನು ಅಂಗೈಯಲ್ಲಿ ಎತ್ತಿ ನೋಡಿದಳು. “ಬೇಡ ದೊಡ್ಡಪ್ಪ. ಇದನ್ನ ಯಾರೋ ಮೊನ್ನೆ ಮೊನ್ನೆ ಆಕಾರ ಕೊಟ್ಟು ಕತ್ತರಿಸಿದಾರೆ. ಎಣ್ಣೆ ಹಾಕಿದಾರೆ. ಬೇಕು ಅಂತಲೇ ಇಟ್ಕೊಂಡಿರೋದು ಇದು. ಡೋರಿಂಡಾ ಅವರನ್ನ ಒಂದು ಮಾತು ಕೇಳೋಣ.”

“ತಾಯಿ ಕಳ್ಕೊಂಡೋರ ಹತ್ರ ಹೋಗಿ ಕೂದಲ ಮಾತಾಡ್ತಾರೇನೇ? ಮಿಸ್ ರೆನ್‌ಫ್ರೋ ಹೇಗಿದ್ರು ಅಂತ ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ನಿಮಗೆ ಬ್ಯಾಂಕಿನ ಕಿಟಕಿ ಗೊತ್ತು, ಅಷ್ಟೇ.”

“ಬಾಯಿ ಮುಚ್ಚು!”

ಡಾಕ್ಟರಿಗೆ ಕೇಳಿಸಿರಬೇಕು, ಅಷ್ಟು ಜೋರಾಗಿ ಕೂಗಿದೆ.

ಓಪಲ್ ಬಂದು ಮೊದಲು ಬಣ್ಣ ಹಾಕಿದಳು. ಆಮೇಲೆ ಗುಂಗುರು ನೇರ ಮಾಡುವ ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿದಳು. ಸುಡುವ ಕೂದಲು, ಕಾದ ಎಣ್ಣೆಮುಲಾಮು. ಅರ್ಲೀನ್‌ಳ ಶನಿವಾರ ಸಂಜೆಗಳ ವಾಸನೆ ಅದು. ಅವಳು ಸ್ಟೂಲಿನ ಮೇಲೆ, ಅವಳ ಮಂಡಿಗಳ ನಡುವೆ ಕಿವಿ ಹಿಡಿದುಕೊಂಡು ಕೂತ ಪುಟ್ಟ ಜೆರೂಷಾ. ನಾನು ಹಜಾರದಲ್ಲಿ ನಿಂತು ಕಣ್ಣೊರೆಸಿಕೊಂಡೆ. ಮುಗಿದಾಗ ಮಿಸ್ ರೆನ್‌ಫ್ರೋ ಆ ಕಿಟಕಿಯ ಹಿಂದಿನಿಂದ ಎದ್ದು ಬಂದು ಮಲಗಿದಂತಿದ್ದರು. ಅಪ್ಪ ನೋಡಬೇಕಿತ್ತು.

ಅಕ್ಟೋಬರ್ ೨೭, ಗುರುವಾರ

ಸಂಜೆ ನಾಲ್ಕಕ್ಕೆ ಮನೆಯವರು ಮೊದಲು ನೋಡುವ ಹೊತ್ತು. ಡೋರಿಂಡಾ ಒಬ್ಬರೇ ಬಂದರು. ಪೆಟ್ಟಿಗೆಯ ಬಳಿಗೆ ಹೋಗಿ ನಿಂತರು. ಅಳುತ್ತಾರೆಂದು ನಾನು ಕರವಸ್ತ್ರ ತೆಗೆದು ಹಿಡಿದೆ.

“ಇವರು ಯಾರು?”

ದುಃಖದಲ್ಲಿ ಹಾಗೆ ಕೇಳುವುದುಂಟು. “ನಿಮ್ಮ ತಾಯಿ, ಮಗೂ” ಎಂದೆ.

“ಅಲ್ಲ. ಇದು ಬ್ಯಾಂಕಿನ ಹೆಂಗಸು.”

ಕೂಗಲಿಲ್ಲ, ಅಳಲೂ ಇಲ್ಲ. ತಣ್ಣಗೆ ಮಾತಾಡಿದರು.

“ಬೆಳಕು ಹರಿಯೋ ಮುಂಚೆ ಎದ್ದು ಒಲೆ ಮುಂದೆ ತಲೆ ಸುಟ್ಕೋತಿದ್ಲಲ್ಲ, ಅವಳು ಇದು. ನನ್ನನ್ನ ಈಜೋಕೆ ಬಿಟ್ಟು ತಾನು ನೀರು ತಾಗದ ಹಾಗೆ ದೂರ ಕೂರ್ತಿದ್ಲಲ್ಲ, ಅವಳು. ಮಳೆ ಹನಿ ಬಿದ್ರೆ ನನ್ನ ಕೈ ಬಿಟ್ಟು ತಲೆ ಮೇಲೆ ಚೀಲ ಹೊದ್ದು ಓಡ್ತಿದ್ಲಲ್ಲ, ಅವಳು. ಒಂದು ಸಲ, ಒಂದೇ ಒಂದು ಸಲ, ಗುಂಗುರು ಬಿಟ್ಟು ಹೋಗಿದ್ದಕ್ಕೆ ಮ್ಯಾನೇಜರ್ ಮಧ್ಯಾಹ್ನವೇ ಮನೆಗೆ ಕಳಿಸಿದ್ದ. ರಿಟೈರ್ ಆದ ದಿನ ಅಮ್ಮ ಎಲ್ಲಾ ಕತ್ತರಿಸಿ ಹಾಕಿ ನನಗೆ ಫೋನ್ ಮಾಡಿದ್ಲು. ‘ಆ ಹೆಂಗಸನ್ನ ಮಣ್ಣು ಮಾಡಿಬಿಟ್ಟೆ ಕಣೇ’ ಅಂತ ಎಷ್ಟು ನಕ್ಕಿದ್ಲು ಗೊತ್ತಾ? ನೀವು ಅವಳನ್ನ ಅಗೆದು ತಂದು ಮಲಗಿಸಿದೀರಿ, ಮಿಸ್ಟರ್ ಡಿಲೋಚ್.”

ನಾನು ಕರವಸ್ತ್ರ ಹಿಡಿದುಕೊಂಡೇ ನಿಂತಿದ್ದೆ.

ಜೆರೂಷಾ ಹಿಂದಿನ ಕೋಣೆಯಿಂದ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. “ನೀರು ಹಾಕಿದ್ರೆ ಸುರುಳಿ ವಾಪಸ್ ಬರುತ್ತೆ, ಮಿಸ್ ಡೋರಿಂಡಾ. ಬಣ್ಣಾನೂ ಬಹಳಷ್ಟು ಬಿಡಿಸಬಹುದು. ನೀವೂ ಬರ್ತೀರಾ? ನಿಮ್ಮ ಕೈಯೂ ತಾಗಲಿ.”

ಇಬ್ಬರೂ ಅಂಗಿಯ ತೋಳು ಮಡಿಸಿಕೊಂಡು ತೊಳೆದರು. ನನ್ನನ್ನು ಯಾರೂ ಕರೆಯಲಿಲ್ಲ. ಬೋಗುಣಿ ಹಿಡಿಯಲು ಒಬ್ಬರು ಬೇಕಿತ್ತು, ಹಿಡಿದುಕೊಂಡೆ. ಕಪ್ಪು ನೀರು ಇಳಿದು ಇಳಿದು ಬೂದಿಯಾಯಿತು, ಆಮೇಲೆ ತಿಳಿಯಾಯಿತು. ನೇರವಾಗಿ ಅಂಟಿಕೊಂಡಿದ್ದ ಕೂದಲು ಒಂದೊಂದು ಎಳೆಯಾಗಿ ಕುಗ್ಗಿ, ತನ್ನಷ್ಟಕ್ಕೆ ತಾನು ಸುತ್ತಿಕೊಳ್ಳತೊಡಗಿತು. ಇಷ್ಟು ವರ್ಷ ಈ ಕಸುಬಿನಲ್ಲಿದ್ದೂ ನಾನು ಅದನ್ನು ಹತ್ತಿರದಿಂದ ನೋಡಿರಲಿಲ್ಲ. ಪ್ರತಿ ಸುರುಳಿಯೂ ಕಿರುಬೆರಳಿನ ಉಗುರಿನಷ್ಟು. ಒಂದರ ಹಾಗೆ ಇನ್ನೊಂದಿಲ್ಲ.

ಡೋರಿಂಡಾ ಅಮ್ಮನಿಗೆ ಏನೋ ಹೇಳುತ್ತಿದ್ದರು, ನಡುವೆ ನಕ್ಕರು ಕೂಡ. ಹಣೆಯ ಮೇಲಿನ ಭಾಗಕ್ಕೆ ಬಂದಾಗ ಕೈ ನಿಂತಿತು.

“ಇಲ್ಲಿ ಯಾಕೆ ಸುತ್ಕೋತಿಲ್ಲ?”

ಜೆರೂಷಾ ಮತ್ತೆ ನೀರು ಹಾಕಿದಳು. ಬೆರಳಿಗೆ ಸುತ್ತಿ ಹಿಡಿದು ಬಿಟ್ಟಳು. ಅದು ಹುಲ್ಲಿನ ಹಾಗೆ ನೆಟ್ಟಗೇ ಬಿತ್ತು.

“ಬಾಚಣಿಗೆ ಹೆಚ್ಚು ಕಾದಿತ್ತು. ಇಲ್ಲಿ ಸುಟ್ಟಿದೆ. ಇದು ಬರಲ್ಲ” ಎಂದಳು.

ಬೋಗುಣಿ ಭಾರವಾಗಿತ್ತು.

ಅಕ್ಟೋಬರ್ ೨೮, ಶುಕ್ರವಾರ

ಓಪಲ್ ಫೋನ್ ಮಾಡಿ ಬೈದಳು. “ನನ್ನ ಮೇಲೆ ಹಾಕಬೇಡ ಹೋಸಿಯಾ. ಮುಂದಲೇಲಿ ಬೆಳಕು ಜಾರಬೇಕು ಅಂದೋನು ನೀನು. ಇನ್ನೂ ಕಾಯಿಸು ಅಂದೋನು ನೀನು.”

ಹೌದು, ನಾನೇ ಅಂದಿದ್ದು.

ಅಕ್ಟೋಬರ್ ೨೯, ಶನಿವಾರ

ಮಿಸ್ ರೆನ್‌ಫ್ರೋ ಅವರ ಬೀಳ್ಕೊಡುಗೆ ಆಯಿತು. ಡೋರಿಂಡಾ ಕೇಳಿಕೊಂಡದ್ದರಿಂದ ಜೆರೂಷಾ ಬಾಗಿಲಿಗೆ ನಿಂತಳು, ತನ್ನ ಕೂದಲಲ್ಲಿ. ಎಲ್ಲ ಹೆಸರುಗಳೂ ಹಿಂದಿನ ಸಾಲಿನವರೆಗೆ ಕೇಳಿಸಿದವು.

ಬ್ಯಾಂಕಿನ ಹಳಬರು, ನದಿಯಾಚೆಯ ಚರ್ಚಿನವರು ಸಾಲಾಗಿ ಬಂದು ನೋಡಿದರು. ಆ ಚರ್ಚಿನ ಹೆಂಗಸರು “ಅಯ್ಯೋ, ನಮ್ಮ ಕ್ಯಾಲಿ” ಎಂದು ಬಾಗಿ ಆ ಬಿಳಿ ಗುಂಗುರನ್ನು ಮುಟ್ಟಿದರು. ಹಣೆಯ ಮೇಲಿನ ಜಾಗವನ್ನು ಡೋರಿಂಡಾ ತಮ್ಮದೇ ರೇಷ್ಮೆಯ ಪಟ್ಟಿಯಿಂದ ಮುಚ್ಚಿದ್ದರು.

ಮದರ್ ಪೆಟಿಗ್ರೂ ಪೆಟ್ಟಿಗೆಯ ಮುಂದೆ ನಿಂತು ತಲೆ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಬ್ಯಾಂಕಲ್ಲಿದ್ದಾಗ ಎಷ್ಟು ಲಕ್ಷಣವಾಗಿದ್ಳು. ಹೀಗಾ ಕಳಿಸೋದು, ಹೋಸಿಯಾ? ಒಳಗೊಂದು, ಬಾಗಿಲಲ್ಲೊಂದು. ನಿನ್ನ ಮನೇಲಿ ಬಾಚಣಿಗೆ ಇಲ್ವೇನಪ್ಪ?”

ಡೋರಿಂಡಾ ನನ್ನನ್ನು ನೋಡಿದರು. ಬಾಗಿಲಲ್ಲಿ ಜೆರೂಷಾ ಕೂಡ. ಅವಳ ಮುಖದಲ್ಲಿ ಕೋಪವಿರಲಿಲ್ಲ. ಕಾಯುತ್ತಿದ್ದಳು.

ನಾನು ಬಾಯಿ ತೆರೆದೆ. ಏನು ಹೇಳಬೇಕೆಂದು ಗೊತ್ತಿತ್ತು. ಒಂದು ವಾಕ್ಯ, ಅಷ್ಟೇ.

“ಹೋಗಿ ಕೂತ್ಕೊಳ್ಳಿ ಮದರ್, ಹಾಡು ಶುರುವಾಗುತ್ತೆ” ಎಂದೆ.

ಜೆರೂಷಾ ಮುಂದಿನ ಹೆಸರು ಕರೆದಳು.

ಅಕ್ಟೋಬರ್ ೩೦, ಭಾನುವಾರ

ಚರ್ಚಿನಿಂದ ಬಂದು ಇಬ್ಬರೂ ಊಟಕ್ಕೆ ಕೂತೆವು. ಅವಳೇ ಸೊಪ್ಪು ಬೇಯಿಸಿ ಜೋಳದ ರೊಟ್ಟಿ ಮಾಡಿದ್ದಳು. ನಾನು, “ಇನ್ನು ಮೇಲೆ ಬಾಗಿಲು ನಿಂದೇ, ನಿನ್ನ ತಲೆ ನಿನ್ನಿಷ್ಟ” ಎಂದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ದೊಡ್ಡಪ್ಪ, ನಾನು ನ್ಯಾಶ್‌ವಿಲ್‌ಗೆ ಹೋಗ್ತಿದೀನಿ. ಅಲ್ಲೊಂದು ಆಸ್ಪತ್ರೆಯ ಶವಾಗಾರದಲ್ಲಿ ಕೆಲಸ. ಒಪ್ಕೊಂಡಾಗಿದೆ.”

“ಯಾವಾಗ?”

“ಹಿಂದಿನ ಕೋಣೆಗೆ ಕಳಿಸಿದ್ರಲ್ಲ, ಅದರ ಮಾರನೇ ದಿನ ಫೋನಲ್ಲಿ ಇಂಟರ್‌ವ್ಯೂ ಆಯ್ತು, ವಿಡಿಯೋ ಹಾಕಿ. ಹೂಂ ಅಂದಿದ್ದು ನೆನ್ನೆ ಸಂಜೆ.”

ನೆನ್ನೆ ಸಂಜೆ. ಹಾಗಾದರೆ ನೆನ್ನೆ ಮಧ್ಯಾಹ್ನದವರೆಗೂ ಹೂಂ ಎಂದಿರಲಿಲ್ಲ.

“ಅಲ್ಲಿ ಯಾರೂ ನಿನ್ನ ಕೂದಲ ಮಾತು ತೆಗೀಲಿಲ್ವಾ?”

“ತೆಗೆದ್ರು. ಒಬ್ಬಾಕೆ, ‘ಕೆಲಸಕ್ಕೆ ಬರುವಾಗಲೂ ಹೀಗೇ ಇರುತ್ತಾ?’ ಅಂತ ಕೇಳಿದ್ಳು. ಹೀಗೇ ಇರುತ್ತೆ ಅಂದೆ. ಮುಖ ಸಿಂಡರಿಸಿದ್ಳು.”

“ಮತ್ತೆ? ಇಲ್ಲಿರೋದೇ ಅಲ್ಲೂ ಇದ್ರೆ ಯಾಕೆ ಹೋಗ್ತೀಯೇ?”

ಅವಳು ರೊಟ್ಟಿಯ ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸಿದಳು.

“ಆಕೆ ಹೊರಗಿನವಳು. ಹೊರಗಿನವರ ಜೊತೆ ದಿನಾ ಜಗಳ ಆಡಿ, ಸಂಜೆ ಮನೆಗೆ ಬಂದು ಬಾಗಿಲು ಹಾಕ್ಕೋಬಹುದು ದೊಡ್ಡಪ್ಪ. ಇಲ್ಲಿ ಜಗಳ ಆಡಿ ನಾನು ಎಲ್ಲಿಗೆ ಬರ್ಲಿ?”

ಆಮೇಲೆ ನನ್ನ ತಟ್ಟೆಗೆ ಇನ್ನಷ್ಟು ಸೊಪ್ಪು ಹಾಕಿದಳು. ಮಾತ್ರೆ ತೆಗೆದುಕೊಂಡೆನೇ ಎಂದು ಕೇಳಿದಳು.

ನವೆಂಬರ್ ೩, ಗುರುವಾರ

ಎರಡು ಸೂಟ್‌ಕೇಸು, ನಾಲ್ಕು ಪೆಟ್ಟಿಗೆ, ಒಂದು ಕುರ್ಚಿ. ಎಲ್ಲ ಹಜಾರದಲ್ಲಿ ಜೋಡಿಸಿಟ್ಟಿದ್ದಾಳೆ. ಸಂಜೆ ಅಡುಗೆಮನೆಯ ಕಿಟಕಿಯ ಬಳಿ ಕೂತು ತಲೆಗೆ ಎಣ್ಣೆ ಹಚ್ಚಿಕೊಂಡು ಹುರಿ ಹೆಣೆಯುತ್ತಿದ್ದಳು. ಹಿಂಭಾಗದಲ್ಲಿ ಬೈತಲೆ ನೇರವಾಗಿದೆಯೇ ಎಂದು ಕೇಳಿದಳು. ನನ್ನನ್ನು ಈ ಮನೆಯಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿ, ಎಡಕ್ಕೆ ಒಂದು ಕೂದಲೆಳೆಯಷ್ಟು ಸರಿದಿದೆ ಎಂದೆ. ಸರಿಮಾಡಿಕೊಂಡಳು. ಚೆನ್ನಾಗಿ ಕಾಣುತ್ತಿತ್ತು. ಹಾಗೆಂದು ಹೇಳಲು ಹೊರಟೆ. ಅಷ್ಟರಲ್ಲಿ ಅವಳಿಗೆ ಫೋನ್ ಬಂತು.

ಕಾರು ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ. ಪೆಟ್ಟಿಗೆಗಳನ್ನು ನಾನೇ ಹೊತ್ತು ಇಡುತ್ತೇನೆ, ಮಂಡಿ ಏನಾದರೂ ಹೇಳಿಕೊಳ್ಳಲಿ. ಇರು ಎನ್ನುವುದಿಲ್ಲ. ಭಾಷಣವನ್ನೂ ಮಾಡುವುದಿಲ್ಲ. ಕಾರು ಬೀದಿಯ ತುದಿ ದಾಟಿದ ಮೇಲೆ ಮದರ್ ಪೆಟಿಗ್ರೂ ಅವರ ಮನೆಗೆ ನಡೆದುಹೋಗಿ, ಬಾಗಿಲು ತಟ್ಟಿ, ಶನಿವಾರ ನುಂಗಿಕೊಂಡ ಆ ಒಂದು ವಾಕ್ಯವನ್ನು ಹೇಳುತ್ತೇನೆ: ಇಬ್ಬರೂ ಹೇಗಿರಬೇಕೋ ಹಾಗೇ ಇದ್ದರು, ಮದರ್, ತಪ್ಪಿದ್ದು ನಾನು. ಕೇಳಬೇಕಾಗಿದ್ದವಳು ಅಷ್ಟು ಹೊತ್ತಿಗೆ ಹೆದ್ದಾರಿಯ ಮೇಲಿರುತ್ತಾಳೆ. ಆದರೂ ಹೋಗುತ್ತೇನೆ. ಎಂಟಕ್ಕೆ. ಆಕೆ ಬೇಗ ಏಳುತ್ತಾರೆ.